ಹಸಿರು ಗುಂಡುಸೂಜಿಯ ಊರು

ಹೋದ ತಿಂಗಳು ಕನಕಪುರದಲ್ಲಿ ಒಂದು ಮದುವೆ ಊಟ ಮುಗಿಸಿ ಹಾರೋಹಳ್ಳಿ ಮೇಲಿನ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ಅರ್ಕಾವತಿ ಹೊಳೆಯ ಸೇತುವೆ ಹತ್ತಿರವಾಗುತ್ತಿದ್ದಂತೆ ಕಿಟಕಿ ಪಕ್ಕ ಕೂತವರು ಒಬ್ಬರ ಹಿಂದೆ ಒಬ್ಬರು ಗಾಜು ಎಳೆದುಕೊಂಡರು. ನನ್ನ ಕಿಟಕಿಯ ಗಾಜು ಸಿಕ್ಕಿಹಾಕಿಕೊಂಡಿತ್ತು, ಎಳೆದರೂ ಬರಲಿಲ್ಲ. ಸೋಪಿನ ನೊರೆ, ಕೊಳೆತ ಸೊಪ್ಪು, ಸುಟ್ಟ ರಬ್ಬರು ಎಲ್ಲ ಕಲಸಿದಂಥ ಆ ವಾಸನೆ ಒಳಗೆ ಬಂತು. ಪಕ್ಕದ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು, "ಅದೆಂಗ್ ಕೂತಿದ್ದೀರವ್ವ ಸುಮ್ಕೆ?" ಅಂದಳು. ನನಗೆ ಅಭ್ಯಾಸ ಅಂದೆ. ಆಮೇಲೆ ಮನೆ ಸೇರುವವರೆಗೂ ನಾನು ಆ ವರ್ಷದಲ್ಲೇ ಇದ್ದೆ.

ಅದು ರಾಮನಗರ ಇನ್ನೂ ಜಿಲ್ಲೆಯಾಗಿರದ ಕಾಲ. ಹಾರೋಹಳ್ಳಿ ಕಡೆ ಒಂದೊಂದೇ ಕಾರ್ಖಾನೆ ಏಳುತ್ತಿತ್ತು. ಹಿಪ್ಪುನೇರಳೆ ತೋಟಕ್ಕೆ ಅಂಟಿಕೊಂಡು ಕಾಂಪೌಂಡು, ಕಾಂಪೌಂಡಿಗೆ ಅಂಟಿಕೊಂಡು ಬಾಡಿಗೆಗೆ ಕಟ್ಟಿದ ಸಾಲುಮನೆ. ನಾನು ಮಾಗಡಿಯವಳು. ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮುಗಿಸಿ, ಕೆಲಸ ಸಿಗದೆ, ಮದುವೆಯೂ ಆಗದೆ, ಮನೆಯಲ್ಲಿ ಎಲ್ಲರ ಕಣ್ಣಿಗೂ ಕಸವಾಗಿ ಕೂತಿದ್ದೆ. ಅಷ್ಟರಲ್ಲಿ ಹೊಳೆಯ ಸಮೀಕ್ಷೆಯೊಂದಕ್ಕೆ ಒಂದು ವರ್ಷದ ಮಟ್ಟಿಗೆ ಲ್ಯಾಬಿನವರು ಬೇಕಾಗಿದ್ದಾರೆ ಅಂತ ಯಾರೋ ಹೇಳಿದರು. ಹೋದೆ. ಸಿಕ್ಕಿತು. ಸಿಕ್ಕಿದ ಮೇಲೆ ಗೊತ್ತಾಯಿತು, ಹಿಂದಿನವಳು ವಾಸನೆ ತಡೆಯಲಾರದೆ ಬಿಟ್ಟು ಹೋಗಿದ್ದಳು ಅಂತ.

ಸಮೀಕ್ಷೆಯ ಉದ್ದೇಶ ಕೇಳಲು ಚೆನ್ನಾಗಿಯೇ ಇತ್ತು. ಅರ್ಕಾವತಿ ಕೊನೆಗೆ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದಲ್ಲ, ಅಲ್ಲಿಗೆ ಏನೇನು ಹೊತ್ತುಕೊಂಡು ಹೋಗುತ್ತಿದೆ, ಯಾವ ಊರಿನ ಹತ್ತಿರ ಎಷ್ಟು ಅಪಾಯ, ಎಲ್ಲಿ ತಡೆದರೆ ಸಂಗಮ ಉಳಿದೀತು, ಇದನ್ನು ಒಂದು ವರ್ಷ ಅಳೆದು ಹೇಳಬೇಕು. ನಮ್ಮ ಮುಖ್ಯಸ್ಥರು ಒಬ್ಬ ನಿವೃತ್ತ ಪ್ರೊಫೆಸರು. ನಾವು ಸಾಹೇಬರು ಅನ್ನುತ್ತಿದ್ದೆವು. ಒಳ್ಳೆಯ ಮನುಷ್ಯರು, ಆದರೆ ಪ್ರತಿಯೊಂದಕ್ಕೂ ಅವರ ಹತ್ತಿರ ಒಂದು ಸಿದ್ಧಾಂತ ಇರುತ್ತಿತ್ತು. "ಬಾಯಿ ನೋಡಿದರೆ ಹೊಟ್ಟೆಯ ರೋಗ ಗೊತ್ತಾಗುತ್ತೆ ಕಣಮ್ಮ. ನದಿಗೂ ಅಷ್ಟೆ" ಅನ್ನುತ್ತಿದ್ದರು. ರಾಮನಗರದ ನಮ್ಮ ಬಾಡಿಗೆ ಕೋಣೆಯ ಗೋಡೆಗೆ ಹೊಳೆಯ ನಕ್ಷೆ ಹಚ್ಚಿದ್ದರು. ನೀರು ತೀರಾ ಕೆಟ್ಟ ಊರಿಗೆ ಕೆಂಪು ಗುಂಡುಸೂಜಿ, ಕೆಡುತ್ತಿರುವ ಊರಿಗೆ ಹಳದಿ, ಚೆನ್ನಾಗಿರುವ ಊರಿಗೆ ಹಸಿರು. ಕೆಂಪು ಬಿದ್ದ ಊರುಗಳಿಗೆ ಬೇರೆ ಕಡೆಯಿಂದ ಪೈಪಿನಲ್ಲಿ ಕುಡಿಯುವ ನೀರು ಮೊದಲು ಬರುತ್ತದೆ ಅಂತ ಮೇಲಧಿಕಾರಿಗಳು ಮಾತು ಕೊಟ್ಟಿದ್ದರು. ಹಸಿರಿನ ಊರಿಗೆ ಏನೂ ಇಲ್ಲ. ಚೆನ್ನಾಗಿರುವವರಿಗೆ ಔಷಧಿ ಯಾಕೆ?

ನೀರು ತುಂಬಬೇಕಾದದ್ದು ಬೆಳಕು ಹರಿಯುವ ಹೊತ್ತಿಗೆ. ರಾತ್ರಿ ಮೇಲಿನಿಂದ ಕದ್ದು ಬಿಟ್ಟ ಕೊಳಚೆಯೆಲ್ಲ ಆಗ ಕೆಳಗೆ ಬಂದಿರುತ್ತದೆ ಅನ್ನುವುದು ಲೆಕ್ಕ. ಅಷ್ಟು ಬೇಗ ನಮ್ಮ ಒಂದೇ ಜೀಪಿನಲ್ಲಿ ಎಲ್ಲ ಊರಿಗೂ ಹೋಗಲಾಗುತ್ತಿರಲಿಲ್ಲ. ಹಾಗಾಗಿ ಒಂದೊಂದು ಊರಿನಲ್ಲಿ ಹೊಳೆ ದಡದ ಒಂದು ಮನೆಗೆ ಬಿಳಿ ಕ್ಯಾನು ಕೊಟ್ಟು, ಸೋಮವಾರ ಬೆಳಗ್ಗೆ ತುಂಬಿ ಇಡಿ ಅಂತ ಕೇಳಿಕೊಂಡೆವು. ಆಮೇಲೆ ಜೀಪು ಹೋಗಿ ಎತ್ತಿಕೊಂಡು ಬರುತ್ತಿತ್ತು. ಅಂಥ ಊರುಗಳಲ್ಲಿ ಒಂದರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಯಾಕೆ ಅನ್ನುವುದು ಮುಂದೆ ತಿಳಿಯುತ್ತದೆ. ದೊಡ್ಡಿ ಅನ್ನುತ್ತೇನೆ. ನಮ್ಮ ಕಡೆ ಕಲ್ಲೆಸೆದರೆ ಬೀಳುವಷ್ಟು ದೂರಕ್ಕೊಂದು ದೊಡ್ಡಿ ಇದೆ, ಯಾರಿಗೂ ಗೊತ್ತಾಗುವುದಿಲ್ಲ.

ದೊಡ್ಡಿಯಲ್ಲಿ ಕ್ಯಾನು ಹಿಡಿದದ್ದು ಚಿಕ್ಕತಾಯಮ್ಮ. ಗಂಡ ಇರಲಿಲ್ಲ. ಮೈದುನನ ಮನೆ ಪಕ್ಕದಲ್ಲೇ, ಜಮೀನು ಇಬ್ಬರದೂ ಸೇರಿ. ಹಿಪ್ಪುನೇರಳೆ, ರೇಷ್ಮೆ ಹುಳ, ರಾಗಿ, ಎರಡು ಸೀಮೆಹಸು. ಹಿಂದೆ ಊರಿನವರೆಲ್ಲ ಹೊಳೆಯ ಮರಳು ತೋಡಿ ಒರತೆ ನೀರು ಕುಡಿಯುತ್ತಿದ್ದರಂತೆ. ಅದು ನಿಂತು ಬಹಳ ಕಾಲವಾಗಿತ್ತು. ಊರಿನ ಬೋರಿನ ನೀರು ಬಾಯಿಗೆ ಇಡುವಂತಿರಲಿಲ್ಲ, ಬಟ್ಟೆಗೂ ದನಕ್ಕೂ ಸರಿ. ಕುಡಿಯುವುದಕ್ಕೆ ಇಡೀ ದೊಡ್ಡಿಗೆ ಉಳಿದಿದ್ದದ್ದು ಚಿಕ್ಕತಾಯಮ್ಮನ ಹಿತ್ತಲಿನ ಸೇದುವ ಬಾವಿ ಒಂದೇ. ಅವಳ ಮಾವ ತೋಡಿಸಿದ್ದು.

ಸಾಹೇಬರು ಕ್ಯಾನು ಕೊಡುವಾಗ ಒಂದು ಚಿಕ್ಕ ಭಾಷಣ ಮಾಡಿದರು. "ನೋಡಿಯಮ್ಮ, ಇಲ್ಲಿನ ಹೊಳೆ ನೀರು ಹೇಗಿದೆ ಅಂತ ವರ್ಷವಿಡೀ ಪರೀಕ್ಷೆ ಮಾಡ್ತೀವಿ. ವರದಿ ಸರ್ಕಾರಕ್ಕೆ ಹೋಗುತ್ತೆ. ಪೇಪರಿನಲ್ಲೂ ಬರುತ್ತೆ."

"ಪೇಪರ್ನಲ್ಲಿ ನಮ್ಮೂರ್ ಹೆಸ್ರೂ ಬತ್ತದಾ ಸಾಮಿ?"

"ಬರಲೇಬೇಕಲ್ಲ."

ಅವಳು ಸ್ವಲ್ಪ ಹೊತ್ತು ಕ್ಯಾನನ್ನೇ ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಈಸಿಕೊಂಡು, "ಆಯ್ತು, ತುಂಬಿಕ್ತೀನಿ" ಅಂದಳು. ನಮಗೆ ಕೂರಿಸಿ ಬೆಲ್ಲ, ನೀರು ಕೊಟ್ಟಳು. ಬಾವಿಯ ನೀರು ತಣ್ಣಗೆ, ಸಿಹಿಯಾಗಿ ಇತ್ತು.

ಆ ಮುಂಗಾರಿನಲ್ಲಿ ಮಳೆ ಕೈಕೊಡಲಿಲ್ಲ. ಮಳೆ ಬಂದಷ್ಟೂ ಹೊಳೆಯಲ್ಲಿ ನೊರೆ ಏಳುತ್ತಿತ್ತು. ಕಟ್ಟೆಯ ಕೆಳಗೆ ನೊರೆಯ ಗುಡ್ಡೆ ಬೆಳೆದು, ಗಾಳಿಗೆ ಕಿತ್ತು, ದಡದ ರಾಗಿ ಪೈರಿನ ಮೇಲೆ ಹೋಗಿ ಕೂರುತ್ತಿತ್ತು. ನಾವು ಸೋಮವಾರ ಊರೂರು ತಿರುಗಿ ಕ್ಯಾನು ಎತ್ತಿಕೊಂಡು ರಾಮನಗರಕ್ಕೆ ಬರುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತಿತ್ತು. ಆಮೇಲೆ ವಾರವಿಡೀ ಆ ನೀರಿನ ಮುಂದೆ ನಿಲ್ಲುವುದು. ಉಪ್ಪು ಎಷ್ಟು, ನೈಟ್ರೇಟು ಎಷ್ಟು, ಮಲದ ರೋಗಾಣು ಎಷ್ಟು. ಎಷ್ಟು ಸೋಪು ಹಾಕಿ ಉಜ್ಜಿದರೂ ಕೈಯ ವಾಸನೆ ಹೋಗುತ್ತಿರಲಿಲ್ಲ, ಅನ್ನ ಕಲಸಿದರೆ ಅನ್ನಕ್ಕೂ ಬರುತ್ತಿತ್ತು. ಯಾರು ಎಲ್ಲಿಂದ ಏನು ಬಿಡುತ್ತಿದ್ದಾರೆ ಅನ್ನುವುದು ಮಾತ್ರ ನಮಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಕೇಳಿದರೆ ಎಲ್ಲರೂ ಮೇಲುಗಡೆಗೆ ಕೈ ತೋರಿಸುತ್ತಿದ್ದರು. ಮೇಲುಗಡೆಗೆ ಹೋಗಿ ಕೇಳಿದರೆ ಅವರೂ ಅವರ ಮೇಲುಗಡೆಗೆ ತೋರಿಸುತ್ತಿದ್ದರು. ನನಗೆ ಬೇಜಾರಾಗಿ ಕೇಳುವುದನ್ನೇ ಬಿಟ್ಟೆ.

ನಕ್ಷೆಯ ಮೇಲೆ ಕೆಂಪು ಸೂಜಿಗಳು ಸಾಲಾಗಿ ಕೂತವು. ನಡುವೆ ಒಂದೇ ಒಂದು ಹಸಿರು: ದೊಡ್ಡಿ. ವಾರ ವಾರವೂ ದೊಡ್ಡಿಯ ಕ್ಯಾನು ಶುದ್ಧ. ಮೊದಲು ನಾನು ಏನೋ ತಪ್ಪು ಮಾಡಿದ್ದೇನೆ ಅಂದುಕೊಂಡು ಮತ್ತೆ ಮತ್ತೆ ಪರೀಕ್ಷೆ ಮಾಡಿದೆ. ಶುದ್ಧವೇ. ಸಾಹೇಬರಿಗೆ ಹೇಳಿದರೆ ಅವರ ಮುಖ ಅರಳಿತು. ದೊಡ್ಡಿಯ ಮೇಲುಗಡೆ ಹೊಳೆಯಲ್ಲಿ ಬಂಡೆಗಳಿವೆ, ಅದರಾಚೆ ಜೊಂಡು ಬೆಳೆದಿದೆ. ನೀರು ಬಂಡೆಗೆ ಬಡಿದು ಗಾಳಿ ಕುಡಿಯುತ್ತದೆ, ಜೊಂಡು ಕೊಳೆ ಹೀರುತ್ತದೆ, ನದಿ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಇದು ಅವರ ಸಿದ್ಧಾಂತ. ದೊಡ್ಡಿಯ ಕೆಳಗಿನ ಊರಿನಲ್ಲಿ ಮತ್ತೆ ಕೆಂಪು ಯಾಕೆ ಅಂತ ಕೇಳಿದ್ದಕ್ಕೆ, ನಡುವೆ ಯಾವುದೋ ಹಳ್ಳ ಸೇರುತ್ತಿರಬೇಕು ಅಂದರು. ಕಣ್ಣಿಗೆ ದೊಡ್ಡಿಯಲ್ಲೂ ಹೊಳೆ ಕಪ್ಪಗೇ ಕಾಣುತ್ತದಲ್ಲ ಸಾರ್ ಅಂದೆ. "ಕಣ್ಣಿಗೆ ಕಾಣೋದು ಬೇರೆ, ಪರೀಕ್ಷೆ ಹೇಳೋದು ಬೇರೆ. ನೀನು ಕೆಮಿಸ್ಟ್ರಿ ಓದಿದವಳೇನಮ್ಮ?" ಅಂತ ನನ್ನನ್ನೇ ಕೇಳಿದರು. ಬೆಂಗಳೂರಿನಿಂದ ತಮ್ಮ ಸ್ನೇಹಿತರನ್ನು ಕರೆಸಿ ಬಂಡೆಗಳ ಮುಂದೆ ನಿಲ್ಲಿಸಿ ಪಾಠ ಬೇರೆ ಮಾಡಿದರು.

ನಮ್ಮ ಜೀಪಿನ ಡ್ರೈವರು ಶಿವಲಿಂಗ ಚನ್ನಪಟ್ಟಣದ ಕಡೆಯವನು, ಬಾಯಿ ಸುಮ್ಮನಿರದವನು. "ಮೇಡಂ, ನಿಮ್ ಹೊಳೆ ನಮ್ ದೊಡ್ಡಪ್ಪ ಇದ್ದಂಗೈತೆ. ಮೇಲ್ಗಡೆ ಊರ್ನಾಗೆ ಕುಡುದ್ಬುಟ್ಟು ಬಿದ್ದಿರ್ತದೆ. ದೊಡ್ಡಿಗ್ ಬಂದೇಟ್ಗೆ ಸ್ನಾನ ಮಾಡಿ ಈಬತ್ತಿ ಇಟ್ಕತದೆ. ಕೆಳಗ್ಡೆ ಊರಿಗೋಗಿ ತಿರ್ಗಾ ಕುಡೀತದೆ" ಅಂತಿದ್ದ. ನಗುತ್ತಿದ್ದೆವು. ಆ ವರ್ಷ ನಕ್ಕ ಕೆಲವೇ ಸಂದರ್ಭಗಳಲ್ಲಿ ಅದೂ ಒಂದು.

ದೊಡ್ಡಿಗೆ ಹೋದಾಗಲೆಲ್ಲ ಚಿಕ್ಕತಾಯಮ್ಮ ನನ್ನನ್ನು ಸ್ವಲ್ಪ ಹೊತ್ತು ಕೂರಿಸಿಕೊಳ್ಳುತ್ತಿದ್ದಳು. ಮಾತೆಲ್ಲ ಒಬ್ಬಳೇ ಮಗಳು ಮಂಗಳನದು. ಚನ್ನಪಟ್ಟಣದ ಹತ್ತಿರ ಹೊಂಗನೂರಿಗೆ ಕೊಟ್ಟಿದ್ದಳು. ಮಂಗಳ ಬಸುರಿ, ಚೊಚ್ಚಲು. ಚೊಚ್ಚಲ ಬಾಣಂತನ ತವರಿನದು ಅನ್ನುವುದರಲ್ಲಿ ನಮ್ಮ ಕಡೆ ಎರಡು ಮಾತಿಲ್ಲ. ಆದರೆ ಹೊಂಗನೂರಿನ ಬೀಗತಿ, ಅಂದರೆ ಮಂಗಳನ ಅತ್ತೆ, ಸೀಮಂತದ ದಿನ ಎಲ್ಲರ ಎದುರಿಗೇ ಕೊಂಕು ತೆಗೆದಿದ್ದಳು.

"ಅದೇನಂದ್ಲು ಗೊತ್ತೇನವ್ವ? 'ನಿಮ್ಮೂರ್ ನಾತ ಬಸ್ ಇಳಿದೇಟ್ಗೇ ಮೂಗಿಗ್ ಹೊಡೀತದೆ. ಅಂತಾ ನೀರಿಗೆ ಬಾಣಂತೀನ ಎಂಗ್ ಕಳ್ಸಾದು' ಅಂದ್ಲು. ನಂಗೆ ಮೈಯೆಲ್ಲ ಉರುದೋಯ್ತು. ಮಾರ್ನೇ ದಿನ ಮಾಡ್ದೆ ನೋಡು, ನಮ್ ಬಾವಿ ನೀರ್ನ ಬಿಂದಿಗೇಲಿ ತುಂಬ್ಕಂಡು, ಅದ್ರ ಬಾಯಿಗೆ ಬಟ್ಟೆ ಕಟ್ಕಂಡು, ಎಲ್ಡು ಬಸ್ ಬದಲಾಯ್ಸಿ ಹೊಂಗನೂರಿಗ್ ಹೋದೆ. ಬೀಗತಿ ಕೈಗ್ ಲೋಟ ಕೊಟ್ಟು ಕುಡೀರಿ ಅಂದೆ. ಕುಡುದ್ಲು. ಇನ್ನೊಂದ್ ಲೋಟ ಕೇಳುದ್ಲು!"

ಇದನ್ನು ಅವಳು ನನಗೆ ಎಷ್ಟು ಸಲ ಹೇಳಿದ್ದಳೋ. ಪ್ರತಿ ಸಲವೂ ಇನ್ನೊಂದು ಲೋಟ ಕೇಳಿದ ಜಾಗಕ್ಕೆ ಬಂದಾಗ ತೊಡೆ ತಟ್ಟಿಕೊಂಡು ನಗುತ್ತಿದ್ದಳು. ಬೀಗತಿ ಸೋತು ಕಳಿಸಿಕೊಟ್ಟಳು. ಐದು ತಿಂಗಳ ಬಾಣಂತನ, ಒಂದು ದಿನವೂ ಕಡಿಮೆ ಮಾಡುವುದಿಲ್ಲ ಅಂತ ಚಿಕ್ಕತಾಯಮ್ಮ ಶಪಥ ಮಾಡಿದ್ದಳು. ಒಣಶುಂಠಿ, ಮೆಣಸು, ಬೆಳ್ಳುಳ್ಳಿ, ಕೊಬ್ಬರಿ, ಸೌದೆ ಎಲ್ಲ ಕೂಡಿಟ್ಟಿದ್ದಳು.

ದೀಪಾವಳಿಯ ಆಸುಪಾಸಿನಲ್ಲಿ ಹೆಣ್ಣು ಮಗು ಹುಟ್ಟಿತು. ಮಗು ನೋಡಲು ಒಳಕೋಣೆಗೆ ಹೋದೆ. ಸಾಂಬ್ರಾಣಿ ಹೊಗೆ, ಹರಳೆಣ್ಣೆ, ಸುಟ್ಟ ಬೆಳ್ಳುಳ್ಳಿ, ಎಳೆಮಗುವಿನ ವಾಸನೆ. ಹೊಳೆ ಹಿತ್ತಲಿನಾಚೆಯೇ ಇದ್ದರೂ ಅದರ ನಾತ ಆ ಕೋಣೆಗೆ ಬಂದಿರಲಿಲ್ಲ. ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಚಿಕ್ಕತಾಯಮ್ಮ ಸಾಣೆಕಲ್ಲಿನ ಮೇಲೆ ಬಜೆ ತೇಯ್ದು, ಬೆರಳ ತುದಿಯಲ್ಲಿ ಮಗುವಿನ ನಾಲಿಗೆಗೆ ಸವರುತ್ತಿದ್ದಳು. ಮಂಗಳ ದಪ್ಪ ಕಂಬಳಿ ಹೊದ್ದು, ತಲೆಗೆ ಬಟ್ಟೆ ಕಟ್ಟಿಕೊಂಡು, "ಅಕ್ಕ, ನಮ್ಮವ್ವ ನನ್ನನ್ನ ಬೇಯ್ಸಿ ಸಾಯಿಸ್ತಾವ್ಳೆ" ಅಂತ ನಕ್ಕಳು. ನನಗೆ ಎದ್ದು ಬರಲು ಮನಸ್ಸಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ಒಂದು ಜಾಗದಲ್ಲಿ ನೆಮ್ಮದಿಯಾಗಿ ಉಸಿರು ಎಳೆದುಕೊಂಡಿದ್ದೆ.

ಸಂಕ್ರಾಂತಿ ಕಳೆಯಿತು. ಹೊಳೆ ಇಳಿದು ದಪ್ಪಗಾಯಿತು. ಬೆಳಗಿನ ಮಂಜಿನಲ್ಲಿ ವಾಸನೆ ಏಳದೆ ನೆಲಕ್ಕೆ ಅಂಟಿ ಕೂರುತ್ತಿತ್ತು. ಆ ದಿನಗಳಲ್ಲೇ ದೊಡ್ಡಿಯ ಕ್ಯಾನು ಬದಲಾಗತೊಡಗಿದ್ದು. ಮೊದಲು ನೈಟ್ರೇಟು ಸ್ವಲ್ಪ ಏರಿತು. ಮುಂದಿನ ವಾರ ಇನ್ನೂ ಸ್ವಲ್ಪ. ಅದರ ಮುಂದಿನ ವಾರ ಉಪ್ಪೂ ಜೊತೆಗೆ. ಆಮೇಲೆ ರೋಗಾಣು ಕಂಡವು. ಸಾಹೇಬರು ಹಸಿರು ಸೂಜಿ ಕಿತ್ತು ಹಳದಿ ಚುಚ್ಚಿದರು. ಚುಚ್ಚುವಾಗ ಮನೆಯವರಿಗೇ ಹುಷಾರು ತಪ್ಪಿದಂತೆ ಮುಖ ಮಾಡಿಕೊಂಡಿದ್ದರು. "ಬಂಡೆಗಳಿಗೆ ಸುಸ್ತಾಗಿದೆ ಕಣಮ್ಮ. ನದಿ ಎಷ್ಟು ಅಂತ ತೊಳ್ಕೊಳ್ಳುತ್ತೆ?" ಅಂದರು.

ನನಗೆ ಅದು ಸರಿ ಅನ್ನಿಸಲಿಲ್ಲ. ಮುಂಗಾರಿನಿಂದ ವಾರ ವಾರವೂ ಹೊಳೆಯ ನೀರನ್ನು ಮೂಸಿದವಳು ನಾನು. ಹೊಳೆ ಚಂಚಲ. ಒಂದು ವಾರ ವಿಷ, ಇನ್ನೊಂದು ವಾರ ಮಳೆ ಬಿದ್ದು ತೆಳು, ಮತ್ತೊಂದು ವಾರ ಇನ್ನೇನೋ ಬಣ್ಣ. ದೊಡ್ಡಿಯ ಕ್ಯಾನು ಹಾಗಿರಲಿಲ್ಲ. ಒಂದೇ ಸಮನೆ, ಇಳಿಯದೆ, ಗಲಾಟೆ ಮಾಡದೆ ಏರುತ್ತಿತ್ತು. ಹರಿಯುವ ನೀರು ಹಾಗೆ ನಡೆದುಕೊಳ್ಳುವುದಿಲ್ಲ. ಚಿಕ್ಕತಾಯಮ್ಮ ಎಲ್ಲಿ ತುಂಬುತ್ತಾಳೆ, ಹೇಗೆ ತುಂಬುತ್ತಾಳೆ, ಒಮ್ಮೆ ಕಣ್ಣಾರೆ ನೋಡಿಬಿಡೋಣ ಅಂತ ಶಿವರಾತ್ರಿಗೆ ಮುಂಚಿನ ಒಂದು ಸೋಮವಾರ ಶಿವಲಿಂಗನನ್ನು ನಸುಕಿಗೇ ಎಬ್ಬಿಸಿ ಹೊರಡಿಸಿದೆ. ಅವನು ದಾರಿಯುದ್ದಕ್ಕೂ ಆಕಳಿಸಿಕೊಂಡು ಬೈದುಕೊಂಡು ಬಂದ.

ಹೋದರೆ ಮನೆ ಮುಂದೆ ಸಾರಿಸಿ ರಂಗೋಲಿ ಹಾಕಿತ್ತು. ಅಂದು ಮಂಗಳನ ಗಂಗೆ ಪೂಜೆ. ಬಾಣಂತಿ ಮೂರನೇ ತಿಂಗಳಲ್ಲಿ ಮೊದಲ ಸಲ ಕೋಣೆಯಿಂದ ಹೊರಗೆ ಬಂದು, ಬಾವಿಗೆ ಅರಿಶಿನ ಕುಂಕುಮ ಇಟ್ಟು, ಒಂದು ಬಿಂದಿಗೆ ನೀರು ಸೊಂಟದ ಮೇಲೆ ಹೊತ್ತು ಅಡಿಗೆಮನೆಗೆ ತಂದಿಡಬೇಕು. ಅಲ್ಲಿಂದ ಅವಳು ಮತ್ತೆ ಮನೆಯ ಕೆಲಸಕ್ಕೆ ಸಲ್ಲುವವಳು. ಹಿತ್ತಲಿನಲ್ಲಿ ಹತ್ತಿರದ ಮನೆಯ ಹೆಂಗಸರು ಕೆಲವರು ಸೇರಿದ್ದರು. ಮಂಗಳ ಹೊಸ ಸೀರೆ ಉಟ್ಟು, ತಲೆತುಂಬ ಹೂ ಮುಡಿದು ಬಾವಿಕಟ್ಟೆಗೆ ಕುಂಕುಮ ಹಚ್ಚುತ್ತಿದ್ದಳು. ಮಗು ಒಬ್ಬ ಅಜ್ಜಿಯ ತೊಡೆ ಮೇಲಿತ್ತು.

ಚಿಕ್ಕತಾಯಮ್ಮ ನನ್ನನ್ನು ನೋಡಿರಲಿಲ್ಲ. ಅವಳಿಗೆ ನೂರು ಕೆಲಸ. ಬಾವಿಯಿಂದ ಒಂದು ಕೊಡ ಸೇದಿ ಪೂಜೆಯ ಬಿಂದಿಗೆಗೆ ಸುರಿದಳು. ಉಳಿದ ನೀರನ್ನು, ಗೋಡೆಗೆ ಒರಗಿಸಿದ್ದ ನಮ್ಮ ಬಿಳಿ ಕ್ಯಾನನ್ನು ಎಳೆದುಕೊಂಡು ಅದಕ್ಕೆ ಸುರಿದಳು. ಸಾಲದೆ ಇನ್ನೊಂದು ಕೊಡ ಸೇದಿ ತುಂಬಿಸಿ ಬಿರಡೆ ತಿರುಗಿಸಿದಳು. ವಾರ ವಾರವೂ ಮಾಡಿ ರೂಢಿಯಾದ ಕೈ. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು.

"ಅಯ್ಯೋ, ಇವತ್ತು ಇಷ್ಟ್ ಬೇಗ ಬಂದ್ಬುಟ್ರಾ ಮೇಡಮ್ಮಾರೆ?"

"ಅಮ್ಮ, ಇದು ಬಾವಿ ನೀರಲ್ವಾ?"

ಅವಳು ನನ್ನ ಕೈ ಹಿಡಿದು ಹಿಪ್ಪುನೇರಳೆ ಸಾಲಿನ ಕಡೆಗೆ ಕರೆದುಕೊಂಡು ಹೋದಳು. ಸಿಕ್ಕಿಬಿದ್ದವಳ ಅಳುಕು ಅವಳ ಮುಖದಲ್ಲಿ ಇರಲಿಲ್ಲ. ತಿಳಿವಳಿಕೆ ಇಲ್ಲದ ಹುಡುಗಿಗೆ ಬುದ್ಧಿ ಹೇಳುವವಳ ಹಾಗೆ ಮಾತಾಡಿದಳು.

"ನೋಡವ್ವ, ಹೊಳೆ ಕೆಟ್ಟೈತೆ ಅನ್ನಾದು ಊರಿಗೇ ಗೊತ್ತು. ಅದ್ನ ಪೇಪರ್ನಾಗೆ ಬೇರೆ ಹಾಕ್ಬೇಕಾ? ನಮ್ಮೂರ್ ಹೆಸ್ರು ಹಾಕಿ ಇಲ್ಲಿ ನೀರು ವಿಷ ಅಂತ ಬರುದ್ಬುಟ್ರೆ ನಮ್ ಹೈಕ್ಳಿಗೆ ಹೆಣ್ ಕೊಡೋರ್ ಯಾರು? ನಮ್ ಮೈದುನನ್ ಮಕ್ಳು ಇಬ್ರು ಅಂಗೇ ಕೂತವ್ರೆ. ಬಂದೋರೆಲ್ಲ ಹೊಳೆ ಕಡೆ ಮೂಗು ತಿರುಗ್ಸ್ಕಂಡು ವಾಪಸ್ ಹೋಯ್ತಾವ್ರೆ. ಬೀಗತಿಗೆ ಆ ಪೇಪರ್ ಸಿಕ್ಬುಟ್ರೆ ನನ್ ಮಗಳ್ನ ಇಲ್ಲಿಗೆ ಕಳುಸ್ತಾಳಾ? ಅದ್ಕೇ ನಮ್ ಬಾವಿ ನೀರು ಕಳ್ಸ್ದೆ. ಅದೂ ಈ ಊರ್ ನೀರೇ ಅಲ್ವಾ? ಸುಳ್ಳೇನಲ್ಲವಲ್ಲ."

ಬೇರೆ ಯಾವತ್ತಾದರೂ ಆಗಿದ್ದರೆ ನಾನು ನಕ್ಕುಬಿಡುತ್ತಿದ್ದೆನೇನೋ. ಸಾಹೇಬರ ಬಂಡೆ, ಜೊಂಡು, ಬೆಂಗಳೂರಿನ ಸ್ನೇಹಿತರು ಎಲ್ಲ ಕಣ್ಣ ಮುಂದೆ ಬಂದರು. ಕೆಂಪು ಬಿದ್ದರೆ ಪೈಪಿನ ನೀರು ಬರುತ್ತಿತ್ತು ಅನ್ನುವುದನ್ನು ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಹೇಳಿದ್ದರೂ ಅವಳು ಪೈಪಿಗಿಂತ ಊರಿನ ಹೆಸರನ್ನೇ ದೊಡ್ಡದು ಅನ್ನುತ್ತಿದ್ದಳು ಅಂತ ಈಗ ಅನ್ನಿಸುತ್ತದೆ. ಆದರೆ ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿದ್ದದ್ದು ಒಂದೇ. ಸಂಕ್ರಾಂತಿಯಿಂದ ಕೆಡುತ್ತಾ ಬಂದದ್ದು ಹೊಳೆಯಲ್ಲ, ಎಲ್ಲರೂ ಕುಡಿಯುವ ಈ ಬಾವಿ.

ಹಿಂದೆ ತಿರುಗಿ ನೋಡಿದೆ. ಮಂಗಳ ಬಿಂದಿಗೆಯನ್ನು ಸೊಂಟದ ಮೇಲೆ ಇಟ್ಟುಕೊಂಡು, ಹೊಸ ಸೀರೆ ನೆನೆಯದಂತೆ ಹುಷಾರಾಗಿ, ಅಡಿಗೆಮನೆ ಬಾಗಿಲು ದಾಟುತ್ತಿದ್ದಳು. ಹೆಂಗಸರು ಆರತಿ ಎತ್ತಿದರು.

ಒಳ್ಳೆಯ ದಿನ ಕೆಟ್ಟ ಮಾತು ಆಡಬಾರದು ಅಂತ ನಮ್ಮಮ್ಮ ಕಲಿಸಿದ್ದಳು. ಆಡದೆ ಬೇರೆ ದಾರಿ ಇರಲಿಲ್ಲ. ಹೆಂಗಸರು ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡು ಹೋಗುವವರೆಗೆ ಕಾದೆ. ಆಮೇಲೆ ಅವಳನ್ನು ಕೂರಿಸಿ, "ಅಮ್ಮ, ಈ ನೀರು ಇನ್ನು ಮಗುವಿಗೆ ಬೇಡ. ಮಂಗಳನಿಗೂ ಬೇಡ. ಬಾವಿ ಕೆಟ್ಟಿದೆ" ಅಂದೆ.

ಅವಳು ನಕ್ಕಳು. "ಹೊಳೆ ಎಲ್ಲೈತೆ, ಬಾವಿ ಎಲ್ಲೈತೆ. ನಡುವೆ ತೋಟ ಇಲ್ವಾ?"

"ನೆಲದೊಳಗೆ ತೋಟ ಇಲ್ಲಮ್ಮ. ಹೊಳೆ ಒಳಗಿಂದ ಬಂದು ಸೇರಿದೆ."

"ಕಾಯ್ಸಿ ಕೊಡ್ತೀನಿ."

"ಕಾಯಿಸಿದರೆ ರೋಗಾಣು ಸಾಯುತ್ತವೆ. ಉಳಿದದ್ದು ಹೋಗೋಲ್ಲ. ಎಳೆ ಮಗುವಿಗೆ ಅದೇ ಹೆಚ್ಚು ಅಪಾಯ."

ಅವಳ ನಗು ಮೆಲ್ಲಗೆ ಇಳಿಯಿತು. "ಒಂದೊಂದ್ಸಲ ಕೆಟ್ಟಿರ್ತದೆ. ನೀವು ಒಂದ್ಸಲ ನೋಡ್ಬುಟ್ಟು ಯೋಳಿದ್ರೆ ಆಗೋಯ್ತಾ?"

"ಒಂದು ಸಲ ಅಲ್ಲಮ್ಮ. ಮುಂಗಾರಿನಿಂದ ನೋಡ್ತಾ ಇದ್ದೀನಿ. ಮೊದಲು ಚೆನ್ನಾಗಿತ್ತು. ಸಂಕ್ರಾಂತಿಯಿಂದ ಕೆಡ್ತಾ ಬಂತು."

"ಅದೆಂಗ್ ಗೊತ್ತಾಯ್ತು ನಿಮ್ಗೆ?"

"ನೀವೇ ಕಳಿಸ್ತಿದ್ದಿರಲ್ಲಮ್ಮ."

ಒಳಗೆ ಮಗು ಅತ್ತಿತು. ಚಿಕ್ಕತಾಯಮ್ಮ ಎದ್ದು ಹೋಗಿ, ಸಾಣೆಕಲ್ಲಿನ ಮೇಲೆ ಬಾವಿ ನೀರಿನಲ್ಲಿ ತೇಯ್ದಿಟ್ಟಿದ್ದ ಬಜೆಯನ್ನು ಒರೆಸಿ ತೆಗೆದಳು.

ಅವತ್ತು ಮಧ್ಯಾಹ್ನವೇ ಸಾಹೇಬರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಎದ್ದು ನಕ್ಷೆಯ ಹತ್ತಿರ ಹೋಗಿ ಹಳದಿ ಸೂಜಿಯನ್ನು ಕಿತ್ತು ಡಬ್ಬಿಗೆ ಹಾಕಿದರು.

"ಹಾಗಾದರೆ ಕೆಂಪು ಹಾಕೋಣವಾ ಸಾರ್?"

"ಹೇಗಮ್ಮ ಹಾಕೋದು? ದೊಡ್ಡಿಯ ಹೊಳೆ ನೀರನ್ನ ನಾವು ಒಂದು ಸಲವೂ ನೋಡಿಲ್ಲ. ಈಗ ಶುರು ಮಾಡಿದರೂ ವರ್ಷದ ಲೆಕ್ಕ ತುಂಬೋಲ್ಲ."

"ಬಾವಿ ನೋಡಿದ್ದೀವಲ್ಲ ಸಾರ್. ಮುಂಗಾರಿನಿಂದಲೂ ನೋಡಿದ್ದೀವಿ. ಇಡೀ ಊರು ಕುಡಿಯೋದು ಅದನ್ನೇ."

"ಬಾವಿ ನಮ್ಮ ಸಮೀಕ್ಷೆಯೊಳಗೆ ಬರೋದಿಲ್ಲ ಕಣಮ್ಮ. ನಮ್ಮದು ಹೊಳೆ." ನಾನು ಜಗಳವಾಡಿದೆ. ಅವರು ಮೇಲಿನವರಿಗೆ ಬರೆದರು, ನಾನೂ ಬೇರೆ ಇಲಾಖೆಯ ಬಾಗಿಲುಗಳಿಗೆ ಅಲೆದೆ. ಬಾವಿಯದು ಇನ್ನೊಬ್ಬರ ಕೆಲಸ, ಆ ಇನ್ನೊಬ್ಬರನ್ನು ಕೇಳಿದರೆ ಹೊಳೆಯಿಂದ ಬಂದದ್ದಾದ್ದರಿಂದ ಮತ್ತೊಬ್ಬರ ಕೆಲಸ. ನಮ್ಮ ವರ್ಷ ಮುಗಿದು ವರದಿ ಅಚ್ಚಾದಾಗ ಸಂಗಮದವರೆಗಿನ ಆ ನಕ್ಷೆಯಲ್ಲಿ ದೊಡ್ಡಿಗೆ ಯಾವ ಬಣ್ಣವೂ ಇರಲಿಲ್ಲ. ಪೈಪು ಮೇಲಿನ ಊರಿಗೂ ಕೆಳಗಿನ ಊರಿಗೂ ಬಂತು. ದೊಡ್ಡಿಗೆ ಬರಲು ಬಹಳ ವರ್ಷ ಹಿಡಿಯಿತು ಅಂತ ಕೇಳಿದ್ದೇನೆ. ಈಗ ಇದನ್ನು ಬರೆಯುವಾಗಲೂ ನನಗೆ ಕೋಪ ಬರುವುದಿಲ್ಲ, ಬರೀ ಸುಸ್ತಾಗುತ್ತದೆ.

ಆದರೆ ಚಿಕ್ಕತಾಯಮ್ಮ ವರದಿಗೆ ಕಾದು ಕೂರಲಿಲ್ಲ. ಗಂಗೆ ಪೂಜೆಯಾದ ಆ ವಾರದಲ್ಲೇ ನಾವು ರಾಮನಗರದಿಂದ ಒಳ್ಳೆಯ ನೀರು ತುಂಬಿಕೊಂಡು ದೊಡ್ಡಿಗೆ ಹೋದಾಗ ಜಗಲಿಯ ಮೇಲೆ ಬಟ್ಟೆ ಗಂಟು, ತೊಟ್ಟಿಲು, ಖಾರದ ಡಬ್ಬಿಗಳು ಕಟ್ಟಿ ಕೂತಿದ್ದವು. ಮಂಗಳ ಅತ್ತು ಕಣ್ಣು ಊದಿಸಿಕೊಂಡಿದ್ದಳು.

"ಜೀಪ್ನಾಗೆ ಒಸಿ ಜಾಗ ಐತೇನಪ್ಪ?" ಅಂತ ಚಿಕ್ಕತಾಯಮ್ಮ ಶಿವಲಿಂಗನನ್ನು ಕೇಳಿದಳು. "ಹೊಂಗನೂರಿಗೆ ಬುಟ್ಕೊಡು."

ಶಿವಲಿಂಗ ಗಂಟುಗಳನ್ನು ಒಂದೊಂದಾಗಿ ಎತ್ತಿಟ್ಟ. ಕನಕಪುರ ದಾಟಿದ ಮೇಲೆ ಅವಳು ನನ್ನ ಕಡೆ ತಿರುಗಿದಳು. "ಮೇಡಮ್ಮಾರೆ, ಅಲ್ಲಿ ನಾನ್ ಮಾತಾಡ್ತೀನಿ. ನೀವು ಬಾಯ್ ಬುಡ್ಬಾರ್ದು. ನಿಮ್ಗೆ ಕೈಮುಗೀತೀನಿ." ನಿಜವಾಗಿಯೂ ಕೈ ಮುಗಿದಳು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಹೊರಗೆ ಮಾವಿನ ತೋಪುಗಳು ಹೂ ಬಿಟ್ಟಿದ್ದವು.

ಹೊಂಗನೂರಿನ ಮನೆ ಮುಂದೆ ಜೀಪು ನಿಂತಾಗ ಬೀಗತಿ ಬಿಸಿಲಿಗೆ ರಾಗಿ ಹರಡುತ್ತಿದ್ದಳು. ಸೊಸೆ, ಮಗು, ತೊಟ್ಟಿಲು ಎಲ್ಲ ಇಳಿಯುವುದನ್ನು ನೋಡಿ ಗಾಬರಿಯಾಗಿ ಎದ್ದಳು. "ಇದೇನು? ಇನ್ನೂ ಐದ್ ತಿಂಗ್ಳಾಗಿಲ್ಲ. ನಾವ್ ಕರ್ಕೊಂಡೋಗಾಕ್ ಬರ್ಬೇಕಾಗಿತ್ತು. ಮಗೀಗ್ ಏನಾಯ್ತು?"

"ಮಗೀಗ್ ಏನೂ ಆಗಿಲ್ಲ ಕಣವ್ವ, ಗುಂಡ್‌ಕಲ್ ಇದ್ದಂಗೈತೆ" ಅಂದಳು ಚಿಕ್ಕತಾಯಮ್ಮ. "ನನ್ ಕೈಲೇ ಆಗ್ತಿಲ್ಲ. ಸೊಂಟ ಬಿದ್ದೋಗೈತೆ. ಹುಳ ಬೇರೆ ಮೇಯ್ಸ್ಬೇಕು. ನೀರ್ ಹೊಯ್ಯಾಕೂ ಆಗ್ತಿಲ್ಲ, ಬಾಣ್ತೀಗ್ ಬೇಯ್ಸಾಕೂ ಆಗ್ತಿಲ್ಲ. ಇನ್ನುಳಿದದ್ದು ನೀವೇ ನೋಡ್ಕಳಿ."

ಬೀಗತಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಗಟ್ಟಿಮುಟ್ಟಾದ ಹೆಂಗಸು, ಈಗತಾನೆ ತೊಟ್ಟಿಲನ್ನು ತಾನೇ ಹೊತ್ತು ಇಳಿಸಿದ್ದಳು. "ಇರಾಳೊಬ್ಳು ಮಗಳು" ಅಂದಳು ಬೀಗತಿ, ಪಕ್ಕದ ಮನೆಯವರಿಗೂ ಕೇಳುವಂತೆ. "ಐದ್ ತಿಂಗ್ಳು ನೋಡ್ಕಳಾಕ್ ಆಗ್ನಿಲ್ವಾ? ಹಂಗಿದ್ದೋರು ಅವತ್ತು ಬಿಂದಿಗೆ ಹೊತ್ಕಂಡು ಯಾಕ್ ಬಂದ್ರಿ ಪೌರುಷ ತೋರುಸ್ಕಂಡು?"

ಮಂಗಳ ಬಾಯಿ ತೆರೆದಳು. ತಾಯಿ ಒಂದು ನೋಟ ನೋಡಿದಳು, ಅವಳು ತುಟಿ ಕಚ್ಚಿ ಸುಮ್ಮನಾದಳು. ನನ್ನ ಚೀಲದಲ್ಲಿ ಆ ಬಾವಿಯ ಪರೀಕ್ಷೆಯ ಕಾಗದ ಇತ್ತು. ತೆಗೆದು ತೋರಿಸಿದ್ದರೆ ಆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಬಾವಿ ಕೆಟ್ಟ ಸುದ್ದಿ ಅಲ್ಲಿಂದ ಊರೂರು ಹಬ್ಬುತ್ತಲೂ ಇತ್ತು. ಚೀಲದ ಬಾಯನ್ನು ಗಟ್ಟಿಯಾಗಿ ಹಿಡಿದು ನಿಂತೆ.

"ತಪ್ಪಾಯ್ತು ಕಣವ್ವ" ಅಂದಳು ಚಿಕ್ಕತಾಯಮ್ಮ. "ಪೌರುಷ ಜಾಸ್ತಿ ಆಗಿತ್ತು."

ಬೀಗತಿ ಕೆಟ್ಟವಳಲ್ಲ. ಒಂದಷ್ಟು ಗೊಣಗಿ, ಮಗುವನ್ನು ಎತ್ತಿಕೊಂಡಮೇಲೆ ಮೆತ್ತಗಾದಳು. ಊಟ ಮಾಡಿಕೊಂಡು ಹೋಗಿ ಅಂದಳು. ಚಿಕ್ಕತಾಯಮ್ಮ ಹುಳಕ್ಕೆ ಸೊಪ್ಪು ಹಾಕಬೇಕು ಅಂತ ನೆಪ ಹೇಳಿ ನಿಲ್ಲಲಿಲ್ಲ. ಮಂಗಳ ಮಗುವನ್ನು ಎತ್ತಿಕೊಂಡು ಜೀಪಿನವರೆಗೆ ಬಂದಳು. ಚಿಕ್ಕತಾಯಮ್ಮ ಮಗುವಿನ ಕೆನ್ನೆ ಸವರಿ, ಹತ್ತಿ ಕೂತಳು. ನಮ್ಮ ಕಡೆ ಮಗಳನ್ನು ಬಿಟ್ಟು ಹೊರಡುವ ತಾಯಿ ಹೇಳುವ ಮಾತು ಒಂದೇ: ಯುಗಾದಿಗೆ ಬಾ, ಹಬ್ಬಕ್ಕೆ ಬಾ, ಮಗೀನ ಕರ್ಕೊಂಡು ಬಾ. ಮಂಗಳ ಅದನ್ನು ಕಾಯುತ್ತಾ ನಿಂತಿದ್ದಳು.

"ಹಬ್ಬಕ್ಕೆ ಯಾವಾಗ್ ಬರ್ಲವ್ವ?" ಅಂತ ಕೊನೆಗೆ ತಾನೇ ಕೇಳಿದಳು.

ಚಿಕ್ಕತಾಯಮ್ಮ ಮಗಳ ಮುಖ ನೋಡಲಿಲ್ಲ. "ನೀನ್ ಬರ್ಬ್ಯಾಡ ಮಗ" ಅಂದಳು. "ನಾನೇ ಬತ್ತೀನಿ."

ಶಿವಲಿಂಗ ಜೀಪು ಚಾಲೂ ಮಾಡಿದ.